ಒಂದು ಜುಲೈ ಮಾಸದ ಲೋಕಪ್ರಿಯರು

ಕಳೆದುಹೋದ ಕಾಲವನ್ನು ತಿಂಗಳ ಲೆಕ್ಕದಲ್ಲಿ ನೆನೆಯುವ ವಾಡಿಕೆಯೊಂದು ಈಚೆಗೆ ಬಹಳ ಬಳಕೆಗೆ ಬಂದಿದೆ. ಇಂಥ ವರ್ಷದ ಇಂಥ ಮಾಸದಲ್ಲಿ ಯಾವ ಚಿತ್ರ ತೆರೆ ಕಂಡಿತು, ಯಾವ ಹಾಡು ಜನರ ನಾಲಗೆಯ ಮೇಲೆ ನಲಿಯಿತು, ಯಾವ ಆಟಗಾರ ಗೆದ್ದ, ಯಾವ ನಟ ತೀರಿಕೊಂಡ ಎಂಬುದನ್ನು ಪಂಚಾಂಗದ ತಿಥಿ ವಾರ ನಕ್ಷತ್ರಗಳಂತೆ ಒಂದರ ಕೆಳಗೊಂದು ಬರೆದು ಓದುಗರ ಮುಂದಿಡುವುದು. ಓದುಗರು ಅದನ್ನು ನೋಡಿ 'ಅಯ್ಯೋ, ಆಗಲೇ ಇಷ್ಟು ವರ್ಷಗಳಾದುವೇ!' ಎಂದು ನಿಟ್ಟುಸಿರು ಬಿಡುವುದು. ಅಲ್ಲಿಗೆ ಆ ವ್ಯವಹಾರ ಮುಗಿಯುತ್ತದೆ. ನಿಟ್ಟುಸಿರು ಬಿಡುವುದಕ್ಕೆ ನಮ್ಮ ಅಭ್ಯಂತರವೇನೂ ಇಲ್ಲ. ಆದರೆ ಹೀಗೆ ಪೋಣಿಸಿಟ್ಟ ಮಣಿಗಳಲ್ಲಿ ದಾರ ಎಲ್ಲಿದೆ ಎಂದು ಯಾರೂ ಹುಡುಕುತ್ತಿಲ್ಲವಲ್ಲ ಎಂಬುದೊಂದು ಕೊರತೆ. ಲೋಕಪ್ರಿಯವಾದದ್ದು ಯಾರ ಕೃಪೆಯಿಂದ ಲೋಕಪ್ರಿಯವಾಯಿತು? ಜನ ಅದನ್ನು ತಾವಾಗಿ ಎತ್ತಿಕೊಂಡರೋ, ಅಥವಾ ಅದು ಅವರ ಕೈಗೆ ಇಡಲ್ಪಟ್ಟಿತೋ? ಈ ಪ್ರಶ್ನೆಯನ್ನು ಕೇಳಿ ನೋಡಲು 1980ರ ಜುಲೈ ತಿಂಗಳಿಗಿಂತ ಒಳ್ಳೆಯ ಮಾಸ ನನಗೆ ತಿಳಿದಮಟ್ಟಿಗೆ ಬೇರೊಂದಿಲ್ಲ.

ಆ ದಿನಗಳಲ್ಲಿ ಬೆಂಗಳೂರಿಗೆ ಇನ್ನೂ ದೂರದರ್ಶನ ಕೇಂದ್ರ ಬಂದಿರಲಿಲ್ಲ. ಅದು ಆರಂಭವಾದದ್ದು 1981ರ ನವೆಂಬರ್ 1ರಂದು. ಲೋಕದ ಸುದ್ದಿ ಕನ್ನಡಿಗರಿಗೆ ಬರುತ್ತಿದ್ದುದು ಬಾನುಲಿಯ ಮೂಲಕ, ಮಾರನೆಯ ದಿನದ ಪತ್ರಿಕೆಯ ಮೂಲಕ. ಇದರಲ್ಲಿ ಒಂದು ಅನುಕೂಲವಿತ್ತು. ಹದಿನೈದು ನಿಮಿಷದ ವಾರ್ತೆಯಲ್ಲಿ ಉಪಗ್ರಹವೂ, ಗೋಲಿಬಾರೂ, ಹಾಕಿ ಪಂದ್ಯವೂ, ಗಾಯಕನೊಬ್ಬನ ಮರಣವೂ ಒಂದೇ ಕಂಠದಿಂದ ಒಂದರ ಬೆನ್ನಿಗೊಂದು ಬಂದು ಕಿವಿಗೆ ಬೀಳುತ್ತಿದ್ದುವು. ಇದು ಮನರಂಜನೆ, ಇದು ರಾಜಕಾರಣ, ಇದು ವಿಜ್ಞಾನ ಎಂದು ಬೇರೆ ಬೇರೆ ಬುಟ್ಟಿಗಳಿಗೆ ಹಾಕಿಕೊಳ್ಳುವ ಸೌಕರ್ಯ ಕೇಳುಗರಿಗೆ ಇರಲಿಲ್ಲ. ಇಂದು ಆ ತಿಂಗಳನ್ನು ನೆನೆಯುವವರು ಬುಟ್ಟಿಗಳನ್ನು ಬೇರ್ಪಡಿಸಿ, ಸಿಹಿಯಾಗಿರುವುದೊಂದನ್ನು ಮಾತ್ರ ಎತ್ತಿಕೊಳ್ಳುತ್ತಾರೆ.

ಮೊದಲು ಮರಣಗಳನ್ನೇ ನೋಡೋಣ. ಆ ತಿಂಗಳ ಕೊನೆಯ ಎಂಟು ದಿನಗಳು ಕಲಾವಿದರ ಪಾಲಿಗೆ ಒಳ್ಳೆಯ ದಿನಗಳಾಗಿರಲಿಲ್ಲ. 24ರಂದು ಕಲ್ಕತ್ತೆಯಲ್ಲಿ ಉತ್ತಮ್ ಕುಮಾರ್ ತೀರಿಕೊಂಡರು. ಬಂದರು ಕಚೇರಿಯಲ್ಲಿ ಗುಮಾಸ್ತರಾಗಿದ್ದು, ಮೊದಲ ಚಿತ್ರಗಳೆಲ್ಲ ಸೋತು, ಆಮೇಲೆ ಬಂಗಾಳಿ ಮನೆಮನೆಯ 'ಮಹಾನಾಯಕ'ರಾದವರು. ಸತ್ಯಜಿತ್ ರಾಯ್ ಅವರು 1966ರಲ್ಲಿ 'ನಾಯಕ್' ಚಿತ್ರವನ್ನು ತೆಗೆದಾಗ, ಜನಪ್ರಿಯ ನಟನೊಬ್ಬನ ಒಳಗಿನ ಭಯವನ್ನು ತೋರಿಸಲು ಬೇರೆ ಯಾರನ್ನೂ ಹುಡುಕಿಕೊಂಡು ಹೋಗಲಿಲ್ಲ. ಉತ್ತಮ್ ಕುಮಾರರನ್ನೇ ಕರೆದರು. ಚಿತ್ರೀಕರಣದ ನಡುವೆಯೇ ಕಾಯಿಲೆ ಬಿದ್ದ ಅವರಿಗೆ ಆಗ ವಯಸ್ಸು 53. ಅದೇ 24ರಂದು ಲಂಡನ್ನಿನಲ್ಲಿ ಹಾಸ್ಯನಟ ಪೀಟರ್ ಸೆಲ್ಲರ್ಸ್ ತೀರಿಕೊಂಡರು. ಮುಖಕ್ಕೆ ಬಣ್ಣ ಬಳಿದುಕೊಂಡು ಭಾರತೀಯನ ವೇಷ ಹಾಕಿ ಆತ ನಗಿಸಿದ್ದನ್ನು ನೋಡಿ ನಾವೂ ನಕ್ಕಿದ್ದೇವೆ. ಆ ನಗೆಯ ವಿಚಾರ ಮತ್ತೊಂದು ಲೇಖನಕ್ಕಿರಲಿ.

ಮರುದಿನ, 25ರಂದು, ಮಾಸ್ಕೋ ನಗರದಲ್ಲಿ ವ್ಲಾದಿಮಿರ್ ವಿಸೋತ್ಸ್ಕಿ ಎಂಬ 42 ವರ್ಷದ ನಟ, ಕವಿ, ಗಾಯಕ ಮೃತನಾದ. ಈತನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಗಿಟಾರ್ ಹಿಡಿದು, ಒಡೆದ ಗಂಟಲಿನಿಂದ, ತಾನೇ ಕಟ್ಟಿದ ಹಾಡುಗಳನ್ನು ಹಾಡುತ್ತಿದ್ದ ಈತನ ರಚನೆಗಳು ಆರು ನೂರಕ್ಕೆ ಮಿಕ್ಕಿವೆ. ಸೈನಿಕರು, ಸೆರೆಯಾಳುಗಳು, ಲಾರಿ ಚಾಲಕರು, ಬೆಟ್ಟ ಹತ್ತುವವರು, ಕುಡುಕರು ಎಲ್ಲರೂ ಅವುಗಳಲ್ಲಿ ಮಾತನಾಡುತ್ತಾರೆ. ಸರ್ಕಾರದ ಧ್ವನಿಮುದ್ರಣ ಸಂಸ್ಥೆ ಆತನ ಜೀವಿತಕಾಲದಲ್ಲಿ ಕೆಲವೇ ಸಣ್ಣ ತಟ್ಟೆಗಳನ್ನು ಹೊರತಂದಿತು. ತಾಯ್ನಾಡಿನಲ್ಲಿ ಆತನ ಕವಿತೆಗಳ ಒಂದು ಪುಸ್ತಕವೂ ಅಚ್ಚಾಗಿರಲಿಲ್ಲ. ಹಾಗಿದ್ದೂ ಆತನ ಕಂಠವನ್ನು ಕೇಳದ ಮನೆ ಆ ವಿಶಾಲ ದೇಶದಲ್ಲಿ ವಿರಳ. ಜನ ಟೇಪ್ ರೆಕಾರ್ಡರುಗಳನ್ನು ಎದುರುಬದುರಾಗಿ ಇಟ್ಟು ಒಂದರಿಂದ ಮತ್ತೊಂದಕ್ಕೆ ಹಾಡುಗಳನ್ನು ಇಳಿಸಿಕೊಂಡರು. ಆ ಪ್ರತಿಯಿಂದ ಮತ್ತೊಂದು ಪ್ರತಿ. ಹೀಗೆ ಧ್ವನಿ ಮಸುಕಾಗುತ್ತ ಹೋದಂತೆ ಕೀರ್ತಿ ಬೆಳೆಯುತ್ತ ಹೋಯಿತು.

ಆತ ಸತ್ತಾಗ ಮಾಸ್ಕೋದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆಯುತ್ತಿದ್ದುವು. ಹಬ್ಬದ ಮನೆಯಲ್ಲಿ ಸಾವಿನ ಸುದ್ದಿ ಬೇಡವೆಂದು ಅಧಿಕಾರಿಗಳು ಬಗೆದಿರಬೇಕು. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು, ಆತ ನಟಿಸುತ್ತಿದ್ದ ತಗಾಂಕಾ ರಂಗಮಂದಿರದ ಟಿಕೆಟ್ಟಿನ ಕಿಟಕಿಯ ಮೇಲೊಂದು ಚೀಟಿ, ಇದಿಷ್ಟೇ ಪ್ರಕಟಣೆ. ಆದರೂ 28ರಂದು ಶವಸಂಸ್ಕಾರದ ವೇಳೆಗೆ ಹತ್ತಾರು ಸಾವಿರ ಮಂದಿ ಆ ಚೌಕದಲ್ಲಿ ಸೇರಿದ್ದರು. ಆತ ಹ್ಯಾಮ್ಲೆಟ್ಟನ ಪಾತ್ರವನ್ನು ವಹಿಸಬೇಕಾಗಿದ್ದ 27ನೆಯ ತಾರೀಖಿನ ಪ್ರಯೋಗ ರದ್ದಾಯಿತು. ಟಿಕೆಟ್ಟು ಕೊಂಡಿದ್ದವರು ಹಣವನ್ನು ಹಿಂದಕ್ಕೆ ಪಡೆಯಲು ಬರಲಿಲ್ಲವೆಂದೂ, ಆ ಚೀಟಿಗಳನ್ನು ಮನೆಯಲ್ಲಿಯೇ ಇಟ್ಟುಕೊಂಡರೆಂದೂ ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ. ಅದೇ ಸರ್ಕಾರ 1987ರಲ್ಲಿ ಆತನಿಗೆ ಮರಣೋತ್ತರವಾಗಿ ರಾಷ್ಟ್ರಪ್ರಶಸ್ತಿಯನ್ನು ಕೊಟ್ಟಿತು. ಬದುಕಿದ್ದಾಗ ಒಂದು ಪುಸ್ತಕ ಅಚ್ಚುಮಾಡಿದ್ದರೆ ಸಾಕಾಗಿತ್ತು.

ತಿಂಗಳ ಕೊನೆಯ ದಿನ, 31ರ ರಾತ್ರಿ, ಮುಂಬಯಿಯಲ್ಲಿ ಮಹಮ್ಮದ್ ರಫಿ ಹೃದಯಾಘಾತದಿಂದ ನಿಧನರಾದರು. ಆಗ ರಂಜಾನ್ ಮಾಸ. ಮರುದಿನ ಸುರಿಯುವ ಮಳೆಯಲ್ಲಿ ಜುಹೂ ಸ್ಮಶಾನದ ವರೆಗೆ ನಡೆದ ಜನಸಾಗರವನ್ನು ಕಂಡವರು ಈಗಲೂ ಮರೆತಿಲ್ಲ. ವಿಸೋತ್ಸ್ಕಿಯ ಜೊತೆಗೆ ರಫಿಯವರನ್ನು ಇಟ್ಟು ನೋಡಿದರೆ ಮೊದಲ ನೋಟಕ್ಕೆ ಇಬ್ಬರೂ ಎರಡು ಧ್ರುವಗಳು. ಒಬ್ಬನದು ಕರ್ಕಶ ಕಂಠ, ಇನ್ನೊಬ್ಬರದು ಬೆಣ್ಣೆಯಲ್ಲಿ ಅದ್ದಿ ತೆಗೆದಂಥ ಕಂಠ. ಒಬ್ಬನನ್ನು ರಾಜ್ಯ ಕಡೆಗಣ್ಣಿನಿಂದ ನೋಡಿತು, ಇನ್ನೊಬ್ಬರಿಗೆ 1967ರಲ್ಲಿ ಪದ್ಮಶ್ರೀ ಕೊಟ್ಟಿತು. ಆದರೆ ರಫಿಯವರ ಹಾಡಿಗೂ ಬಾಗಿಲು ಮುಚ್ಚಿದ ಕಾಲವೊಂದಿತ್ತು ಎಂಬುದನ್ನು ನಾವು ಮರೆಯುತ್ತೇವೆ. 1952ರಲ್ಲಿ ವಾರ್ತಾ ಸಚಿವರಾಗಿದ್ದ ಬಿ. ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಗಳು ಕೀಳು ಅಭಿರುಚಿಯವಾಗಿ ತೋರಿ ಆಕಾಶವಾಣಿ ಅವುಗಳಿಗೆ ಕಡಿವಾಣ ಹಾಕಿತು. ಕೇಳುಗರು ಏನು ಮಾಡಿದರು? ಸಭೆ ಸೇರಿ ಪ್ರತಿಭಟಿಸಲಿಲ್ಲ. ಸುಮ್ಮನೆ ಮುಳ್ಳನ್ನು ತಿರುಗಿಸಿ ರೇಡಿಯೋ ಸಿಲೋನಿಗೆ ಹೊರಳಿಕೊಂಡರು. 'ಬಿನಾಕಾ ಗೀತಮಾಲಾ' ಆರಂಭವಾದದ್ದು ಅದೇ ವರ್ಷ. ಐದು ವರ್ಷಗಳ ಬಳಿಕ, 1957ರ ಅಕ್ಟೋಬರಿನಲ್ಲಿ, ವಿವಿಧ ಭಾರತಿಯನ್ನು ತೆರೆದು ಸರ್ಕಾರವೇ ಕೇಳುಗರ ಹಿಂದೆ ಬಂದಿತು. ಮುಳ್ಳನ್ನು ತಿರುಗಿಸಿದ ಆ ಕೈಗೂ, ಟೇಪಿನಿಂದ ಟೇಪಿಗೆ ಹಾಡಿಳಿಸಿದ ಕೈಗೂ ನೆಂಟಸ್ತಿಕೆ ಇದೆಯೆಂದು ನನ್ನ ಅಭಿಪ್ರಾಯ.

ಪಂಡಿತರು ಇಲ್ಲಿ ಆಕ್ಷೇಪಿಸಬಹುದು: ಬಹುಜನ ಮೆಚ್ಚಿದ್ದೆಲ್ಲ ಮೇಲಾದುದೇ? ಅಲ್ಲ. ಬಹುಜನ ಮೆಚ್ಚಿ ಮೂರು ತಿಂಗಳಲ್ಲಿ ಮರೆತದ್ದು ರಾಶಿ ರಾಶಿಯಾಗಿ ಬಿದ್ದಿದೆ. ನಾನು ಹೇಳುತ್ತಿರುವುದು ಬೇರೆ. ಯಾರೂ ಹೇಳಿಕೊಡದೆ, ಯಾರೂ ಹಂಚದೆ, ತಮ್ಮ ಕಾಸು, ತಮ್ಮ ಕಿವಿ, ತಮ್ಮ ಹೊತ್ತನ್ನು ವ್ಯಯಿಸಿ ಜನ ಉಳಿಸಿಕೊಂಡದ್ದಕ್ಕೆ ಒಂದು ಬೆಲೆಯಿದೆ. ವಿಮರ್ಶಕನ ತಕ್ಕಡಿಗೆ ಅದು ಸಿಕ್ಕದಿದ್ದರೆ ತಕ್ಕಡಿಯನ್ನು ರಿಪೇರಿ ಮಾಡಿಸಬೇಕು.

ಇದೇ ತಿಂಗಳು ನಮ್ಮ ನಾಡಿನಲ್ಲಿಯೂ ಅಂಥದೊಂದು ಸಂಗತಿ ನಡೆಯಿತು. 6ನೆಯ ತಾರೀಖು ಭಾನುವಾರ 'ಲಂಕೇಶ್ ಪತ್ರಿಕೆ'ಯ ಮೊದಲ ಸಂಚಿಕೆ ಹೊರಬಂದಿತು. ಇಂಗ್ಲಿಷ್ ಅಧ್ಯಾಪಕರಾಗಿದ್ದು, ಕಥೆ, ನಾಟಕ, ಕಾವ್ಯಗಳಲ್ಲಿ ಹೆಸರು ಮಾಡಿ, 'ಪಲ್ಲವಿ' ಚಿತ್ರದ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿಯನ್ನು ಪಡೆದಿದ್ದ ಪಿ. ಲಂಕೇಶ್ ಅವರು ಜಾಹೀರಾತುಗಳನ್ನು ಮುಟ್ಟದೆ ಪತ್ರಿಕೆಯೊಂದನ್ನು ನಡೆಸಹೊರಟಾಗ ತಲೆ ಅಲ್ಲಾಡಿಸಿದವರು ಎಷ್ಟೋ ಮಂದಿ. ಬಣ್ಣವಿಲ್ಲದ ಹಾಳೆ, ಬೈಗುಳವೂ ಕಾವ್ಯವೂ ಒಂದೇ ಪುಟದಲ್ಲಿ. ಅದರ ಬೈಗುಳವೆಲ್ಲ ನ್ಯಾಯವಾಗಿತ್ತೆಂದು ನಾನು ವಾದಿಸಲಾರೆ. ಆದರೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಂಡು ಓದುತ್ತಿದ್ದ ಸಾಮಾನ್ಯನ ಕೈಗೆ ಅದರ ಜೊತೆಗೇ ಒಳ್ಳೆಯ ಕಥೆಯೂ ಬಂದು ಸೇರುತ್ತಿತ್ತು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಅದರಲ್ಲಿಯೇ ಧಾರಾವಾಹಿಯಾಗಿ ಬಂದು ಓದುಗರನ್ನು ಕಂಡಿತು. ಓದುಗರು ಕೊಟ್ಟ ಬಿಡಿಪ್ರತಿಯ ಕಾಸಿನಿಂದ, ಲಂಕೇಶರು 2000ದ ಜನವರಿಯಲ್ಲಿ ತೀರಿಕೊಳ್ಳುವ ವರೆಗೆ, ಆ ಪತ್ರಿಕೆ ನಡೆಯಿತು.

ಶಾಲೆಗಳಲ್ಲಿ ಪ್ರಥಮ ಭಾಷೆ ಯಾವುದಿರಬೇಕು, ಸಂಸ್ಕೃತದ ಸ್ಥಾನವೇನು, ಕನ್ನಡದ ಸ್ಥಾನವೇನು ಎಂಬುದನ್ನು ವಿಚಾರಿಸಲು ಗುಂಡೂರಾಯರ ಸರ್ಕಾರ ವಿ. ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದ್ದೂ ಆ ಜುಲೈ ಮಾಸದಲ್ಲಿಯೇ. ಸಮಿತಿಯ ನೇಮಕವನ್ನು ಲೋಕಪ್ರಿಯ ಸಂಗತಿಗಳ ಸಾಲಿಗೆ ಸೇರಿಸುವುದು ವಿಚಿತ್ರವೆಂದು ತೋರೀತು. ಆದರೆ 1981ರಲ್ಲಿ ವರದಿ ಬಂದು ಕಡತದಲ್ಲಿ ತಣ್ಣಗೆ ಮಲಗಿದಾಗ ಸಾಹಿತಿಗಳು ಎಷ್ಟು ಹೇಳಿಕೆಗಳನ್ನು ಕೊಟ್ಟರೂ ಅದು ಏಳಲಿಲ್ಲ; 1982ರಲ್ಲಿ ರಾಜಕುಮಾರ್ ಅವರು ಬೀದಿಗಿಳಿದಾಗ ಎದ್ದಿತು. ವಿದ್ವಾಂಸರ ಸಮಿತಿಯ ಅಂಕೆಸಂಖ್ಯೆಗಳ ಕಾಗದಕ್ಕೆ ಚಿತ್ರನಟನೊಬ್ಬನ ಕಂಠದಿಂದ ಜೀವ ಬಂದದ್ದು ನಮ್ಮ ಸಾಂಸ್ಕೃತಿಕ ಚರಿತ್ರೆಯ ಒಂದು ಮುಖ್ಯ ಪ್ರಸಂಗ. ಚಲಚ್ಚಿತ್ರವೆಂದರೆ ಮೂಗು ಮುರಿಯುತ್ತಿದ್ದ ಹಿರಿಯರು ಕೆಲವರು ಆಗ ಅದೇ ಮೆರವಣಿಗೆಯಲ್ಲಿ ಕೈ ಹಿಡಿದು ನಡೆದರು.

ಇನ್ನು 21ನೆಯ ತಾರೀಖು. ಅಂದಿನ ಧಾರವಾಡ ಜಿಲ್ಲೆಯ ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಕಾಲುವೆಯ ಅಚ್ಚುಕಟ್ಟಿನ ರೈತರು ಸರ್ಕಾರದ ವಿರುದ್ಧ ಎದ್ದರು. ನೀರು ಸರಿಯಾಗಿ ತಲಪದ ಹೊಲಗಳಿಗೂ ಅಭಿವೃದ್ಧಿ ಕರ. ಹತ್ತಿಯ ಬೆಲೆಯೋ ಪಾತಾಳಕ್ಕಿಳಿದಿತ್ತು. ಗೋಲಿಬಾರಾಯಿತು, ರೈತರು ಸತ್ತರು, ರೊಚ್ಚಿಗೆದ್ದ ಗುಂಪಿನ ಕೈಗೆ ಸಿಕ್ಕಿ ಪೊಲೀಸರೂ ಸತ್ತರು. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಊರು ಅದು. ಆ ವರ್ಷವೇ ರಾಜ್ಯ ರೈತ ಸಂಘ ಹುಟ್ಟಿತು. ಹಸಿರು ಶಾಲು ಹೆಗಲೇರಿತು. 1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಕರ್ನಾಟಕದಲ್ಲಿ ಮೊದಲ ಬಾರಿಗೆ ಅಧಿಕಾರವನ್ನು ಕಳೆದುಕೊಂಡದ್ದಕ್ಕೆ ಗೋಕಾಕ್ ಚಳವಳಿಯೂ ನರಗುಂದವೂ ಲಂಕೇಶರ ಲೇಖನಿಯೂ ಕೂಡಿ ಕಾರಣವಾದುವೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಹೆಗಲ ಮೇಲಿನ ಶಾಲೊಂದು ಊರೂರಿನಲ್ಲಿ ಗುರುತಾಗುವುದು, ಅದಕ್ಕೆ ಹಾಡುಗಳು ಹುಟ್ಟಿಕೊಳ್ಳುವುದು ಲೋಕಪ್ರಿಯ ಸಂಸ್ಕೃತಿಯಲ್ಲದೆ ಮತ್ತೇನು? ಹಾಗಿದ್ದೂ ಆ ಮಾಸದ ಸವಿನೆನಪಿನ ಪಟ್ಟಿಗಳಲ್ಲಿ ನರಗುಂದದ ಹೆಸರನ್ನು ನಾನು ಕಂಡಿಲ್ಲ.

ಪಟ್ಟಿಗಳಲ್ಲಿ ತಪ್ಪದೆ ಇರುವುದು ಹಾಕಿಯ ಚಿನ್ನ. 29ರಂದು ವಿ. ಭಾಸ್ಕರನ್ ನಾಯಕತ್ವದ ತಂಡ ಸ್ಪೇನನ್ನು 4–3ರಿಂದ ಸೋಲಿಸಿತು. ತಂಡದಲ್ಲಿ ನಮ್ಮ ಕೊಡಗಿನ ಎಂ. ಎಂ. ಸೋಮಯ್ಯನವರೂ ಇದ್ದರು. ಹಿಗ್ಗೋಣ, ಧಾರಾಳವಾಗಿ ಹಿಗ್ಗೋಣ. ಆದರೆ ಆಫ್ಘಾನಿಸ್ತಾನದ ಪ್ರಕರಣದಿಂದಾಗಿ ಪಾಕಿಸ್ತಾನ, ಪಶ್ಚಿಮ ಜರ್ಮನಿ ಮೊದಲಾದ ಬಲಿಷ್ಠ ತಂಡಗಳು ಬಂದಿರಲಿಲ್ಲವೆಂಬುದನ್ನೂ, ಆಡಿದ್ದು ಆರೇ ತಂಡಗಳೆಂಬುದನ್ನೂ, ಟಾಂಜಾನಿಯಾದ ಮೇಲೆ 18 ಗೋಲುಗಳನ್ನು ಹೊಡೆದದ್ದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲವೆಂಬುದನ್ನೂ ನೆನಪಿಡೋಣ. ಒಲಿಂಪಿಕ್ ಹಾಕಿಯಲ್ಲಿ ಮಹಿಳೆಯರು ಮೊತ್ತಮೊದಲು ಆಡಿದ್ದು ಅದೇ ಮಾಸ್ಕೋದಲ್ಲಿ. ನಮ್ಮ ಹೆಣ್ಣುಮಕ್ಕಳು ನಾಲ್ಕನೆಯವರಾದರು. ಅವರನ್ನು ಯಾವ ಪಟ್ಟಿಯೂ ನೆನೆಯುವುದಿಲ್ಲ. ಅವರು ನಾಲ್ಕನೆಯವರಾದದ್ದೇ ಅಪರಾಧವೇನೋ!

ಜುಲೈ 18ರ ರೋಹಿಣಿಯ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ, ಅದನ್ನು ಎಲ್ಲರೂ ಬಲ್ಲರು. ಸುಮಾರು 35 ಕಿಲೋ ತೂಕದ ಉಪಗ್ರಹ, ನಮ್ಮದೇ ರಾಕೆಟ್ಟು. ಹಿಂದಿನ ವರ್ಷದ ಆಗಸ್ಟಿನಲ್ಲಿ ಅಂಥದೇ ರಾಕೆಟ್ಟು ಸಮುದ್ರಕ್ಕೆ ಬಿದ್ದಿತ್ತು. ಅಂದಿನ ನಿರ್ದೇಶಕ ಅಬ್ದುಲ್ ಕಲಾಮ್ ಅವರೂ ಮುಂದೆ ಯಾವ ಚಿತ್ರನಟನಿಗೂ ಕಡಿಮೆಯಿಲ್ಲದಷ್ಟು ಲೋಕಪ್ರಿಯರಾದರು ಎಂಬುದನ್ನು ಮಾತ್ರ ಸೂಚಿಸಿ ಮುಂದೆ ಹೋಗುತ್ತೇನೆ. ವಿಸೋತ್ಸ್ಕಿ ಹ್ಯಾಮ್ಲೆಟ್ಟನಾಗಿ ಕೊನೆಯ ಬಾರಿ ರಂಗವೇರಿದ್ದೂ ಆ 18ರ ಸಂಜೆಯೇ.

ಹೊಸದೊಂದು ಸ್ವರ ಆಗತಾನೆ ಕೇಳಿಬರುತ್ತಿತ್ತೆಂಬುದನ್ನೂ ಹೇಳದಿದ್ದರೆ ಚಿತ್ರ ಪೂರ್ಣವಾಗದು. ಜೂನ್ ತಿಂಗಳಲ್ಲಿ ತೆರೆ ಕಂಡ 'ಕುರ್ಬಾನಿ'ಗಾಗಿ ನಾಜಿಯಾ ಹಸನ್ ಎಂಬ ಹದಿನೈದರ ಹುಡುಗಿ ಲಂಡನ್ನಿನಲ್ಲಿ ಹಾಡಿದ ಹಾಡು ಜುಲೈಯಲ್ಲಿ ಹೋಟೆಲುಗಳ ಗಲ್ಲಾದ ಪಕ್ಕದಲ್ಲಿ ಕುಣಿಯುತ್ತಿತ್ತು. ಅದಕ್ಕೆ ರಾಗ ಹಾಕಿದ ಬಿದ್ದು ಬೆಂಗಳೂರಿನಲ್ಲಿ ಬೆಳೆದ ಕೊಡವ ತರುಣ. ಹಿರಿಯರಿಗೆ ಅದು ಹಾಡೆಂದೇ ತೋರಲಿಲ್ಲ; 1952ರ ಸಚಿವರಿಗೆ ರಫಿಯವರ ಹಾಡು ತೋರಿದ್ದೂ ಬಹುಶಃ ಹಾಗೆಯೇ.

ರಫಿಯವರು 1967ರ 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕಾಗಿ ಕನ್ನಡದಲ್ಲಿಯೂ ಒಂದು ಹಾಡನ್ನು ಹಾಡಿದ್ದಾರೆ. ಅವರ ಕನ್ನಡದ ಉಚ್ಚಾರಣೆಯಲ್ಲಿ ಅಲ್ಲಲ್ಲಿ ಪಂಜಾಬಿನ ಗಾಳಿ ಬೀಸುತ್ತದೆ. ಕನ್ನಡಿಗರು ಅದನ್ನು ತಿದ್ದಹೋಗಲಿಲ್ಲ. ಜುಲೈ 31 ಬಂದಾಗ ನಮ್ಮ ಬಾನುಲಿಯವರು ದಿನವಿಡೀ ಹಿಂದಿಯ ನೂರು ಹಾಡುಗಳನ್ನು ಹಾಕಲಿ, ಬೇಡವೆನ್ನುವುದಿಲ್ಲ. ಜೊತೆಗೆ ಇದೊಂದನ್ನೂ ಹಾಕಲಿ. ಅದಕ್ಕೆ ಹತ್ತು ದಿನ ಮೊದಲು, ನರಗುಂದದಲ್ಲಿ ಹುತಾತ್ಮರ ನೆನಪಿಗೆ ಹಸಿರು ಶಾಲಿನವರು ಸೇರುವ 21ರ ಬೆಳಿಗ್ಗೆ, ಅಲ್ಲಿ ಹಾಡುವ ಹಾಡುಗಳನ್ನೂ ಒಂದು ಧ್ವನಿಮುದ್ರಣ ಯಂತ್ರ ತೆಗೆದುಕೊಂಡು ಹೋಗಿ ಹಿಡಿದು ತರಲಿ.