ಪೆಪ್ ಗಾರ್ಡಿಯೋಲಾ ಅವರ ಆಟದ ತಂತ್ರ

ಸ್ಪೇನಿನ ಫುಟ್‌ಬಾಲ್ ತರಬೇತುದಾರ ಪೆಪ್ ಗಾರ್ಡಿಯೋಲಾ ಅವರು ಬಾರ್ಸಿಲೋನಾ ತಂಡದಲ್ಲಿ (2008–2012) ಬೆಳೆಸಿದ, ಚೆಂಡನ್ನು ತಮ್ಮಲ್ಲೇ ಉಳಿಸಿಕೊಂಡು ಆಡುವ ಶೈಲಿ ‘ಟಿಕಿ-ಟಾಕಾ’ ಎಂದು ಪ್ರಸಿದ್ಧವಾಯಿತು. ಈ ಹೆಸರು ಅವರಿಗೆ ಹಿಡಿಸಿರಲಿಲ್ಲ. ಗುರಿಯಿಲ್ಲದೆ ಚೆಂಡನ್ನು ಅತ್ತಿತ್ತ ದಾಟಿಸುವುದನ್ನು ಅವರು ಟೀಕಿಸಿದ್ದಾರೆ. ಶೈಲಿಯ ಬೇರು ಅವರ ಗುರು ಯೋಹಾನ್ ಕ್ರೈಫ್ ಅವರ ಬೋಧನೆಯಲ್ಲಿದೆ.

ಒಂದು ಪಾರ್ಶ್ವದಲ್ಲಿ ಕಿರುಪಾಸುಗಳಿಂದ ಎದುರಾಳಿಗಳನ್ನು ಸೆಳೆದು, ತೆರವಾದ ಇನ್ನೊಂದು ಪಾರ್ಶ್ವಕ್ಕೆ ಚೆಂಡನ್ನು ಸಾಗಿಸುವುದು ಇದರ ತಿರುಳು. ಚೆಂಡು ಎದುರಾಳಿಯ ಪಾಲಾದರೆ ಹಿಂದೆ ಸರಿಯದೆ, ಕೆಲವೇ ಕ್ಷಣಗಳಲ್ಲಿ ಅದನ್ನು ಮರಳಿ ಪಡೆಯಲು ಮುಗಿಬೀಳಬೇಕು. ಪಾಸುಗಳ ಸೊಗಸಿಗೆ ಮಾರುಹೋದ ನೋಡುಗರು ಈ ಶ್ರಮವನ್ನು ಗಮನಿಸುವುದು ಕಡಿಮೆ. 2009ರ ಮೇ 2ರಂದು ಮ್ಯಾಡ್ರಿಡ್‌ನಲ್ಲಿ ಲಿಯೋನೆಲ್ ಮೆಸ್ಸಿಯವರನ್ನು ಬಲಬದಿಯಿಂದ ನಡುವಿಗೆ ತಂದು, ಮುಂಚೂಣಿಯಿಂದ ತುಸು ಹಿಂದಕ್ಕೆ ಇಳಿದು ಆಡಲು ಸೂಚಿಸಲಾಯಿತು. ಅವರನ್ನು ಹಿಂಬಾಲಿಸಬೇಕೋ, ಸ್ಥಾನದಲ್ಲೇ ನಿಲ್ಲಬೇಕೋ ಎಂಬುದು ರಿಯಲ್ ಮ್ಯಾಡ್ರಿಡ್ ರಕ್ಷಕರಿಗೆ ಬಗೆಹರಿಯಲಿಲ್ಲ. ಬಾರ್ಸಿಲೋನಾ 6–2ರಿಂದ ಗೆದ್ದಿತು.

ಆದರೆ ಚೆಂಡಿನ ಮೇಲಿನ ಹಿಡಿತವೇ ಗೆಲುವಲ್ಲ. 2010ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೆಯ ಪಂದ್ಯದಲ್ಲಿ ಇಂಟರ್ ಮಿಲಾನ್ ಬಹುಪಾಲು ಹೊತ್ತು ಹತ್ತೇ ಆಟಗಾರರೊಂದಿಗೆ ಗೋಲಿನ ಮುಂದೆ ಕೋಟೆ ಕಟ್ಟಿತು. 0–1ರಿಂದ ಸೋತರೂ ಒಟ್ಟು 3–2ರಿಂದ ಫೈನಲ್ ತಲುಪಿತು. ಮ್ಯಾಂಚೆಸ್ಟರ್ ಸಿಟಿಯಲ್ಲಿ 2022ರಲ್ಲಿ ಅಪ್ಪಟ ಗೋಲುಗಾರ ಅರ್ಲಿಂಗ್ ಹಾಲಂಡ್ ಅವರನ್ನು ಸೇರಿಸಿಕೊಂಡದ್ದು ಈ ಕೊರತೆಗೆ ಗಾರ್ಡಿಯೋಲಾ ಕಂಡುಕೊಂಡ ಉತ್ತರದಂತೆ ತೋರುತ್ತದೆ. ಆ ಋತುವಿನಲ್ಲಿ ತಂಡ ಪ್ರೀಮಿಯರ್ ಲೀಗ್, ಎಫ್‌ಎ ಕಪ್ ಮತ್ತು ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದಿತು.