ಚಳಿಜ್ವರಕ್ಕೆ ಕಷಾಯವೊಂದೇ ಸಾಕೆ?

ಮಳೆಗಾಲ ಬಂತೆಂದರೆ ಮಂಗಳೂರಿಗೆ ಮಲೇರಿಯಾದ ಭೀತಿ. ನಮ್ಮ ಕಾವೂರೂ ಅದಕ್ಕೆ ಹೊರತಲ್ಲ. ಮನೆಯ ಕಷಾಯವನ್ನೇ ನಂಬಿ ಕೆಲವರು ದಿನ ದೂಡುವುದುಂಟು. ಹಳೆಯ ಮದ್ದನ್ನು ನಾವು ಹೀಗಳೆಯಲಾರೆವು. ಚೀನಾದ ವಿಜ್ಞಾನಿ ತು ಯೂಯೂ ಅವರು ಸುಮಾರು 1,600 ವರ್ಷ ಹಿಂದಿನ ವೈದ್ಯಗ್ರಂಥದ ಸುಳಿವು ಹಿಡಿದು, ಚಿಂಗ್‌ಹಾವ್ ಗಿಡದ ಸಾರವನ್ನು ಕುದಿಸದೆ, ಈಥರ್ ಬಳಸಿ ತೆಗೆದರು. 1972ರಲ್ಲಿ ಆರ್ಟಿಮಿಸಿನಿನ್ ದೊರೆಯಿತು. 2015ರಲ್ಲಿ ಅವರಿಗೆ ನೊಬೆಲ್ ಸಂದಿತು. ಇಂದು ಫಾಲ್ಸಿಪಾರಂ ಮಲೇರಿಯಾಕ್ಕೆ ಅದರಿಂದಾದ ಔಷಧಿಯನ್ನು ಬೇರೊಂದರೊಡನೆ ಕೂಡಿಸಿ ಕೊಡುತ್ತಾರೆ. ಪರೀಕ್ಷೆಗೊಳಪಟ್ಟು, ಪ್ರಮಾಣ ನಿಶ್ಚಿತವಾದ ಮೇಲೆಯೇ ಆ ಗಿಡ ನಂಬಿಕೆಯ ಮದ್ದಾಯಿತು. ಆದುದರಿಂದ ಜ್ವರ ಬಂದೊಡನೆ ರಕ್ತಪರೀಕ್ಷೆ ಮಾಡಿಸೋಣ. ಕುಡಿದ ಕಷಾಯವನ್ನು ವೈದ್ಯರಿಗೆ ತಿಳಿಸೋಣ. ಜ್ವರ ಇಳಿಯಿತೆಂದು ಮಾತ್ರೆಯನ್ನು ಅರ್ಧಕ್ಕೇ ಬಿಡದಿರೋಣ.