ಶಾಲೆ ಶುರುವಾಗಿ ಹತ್ತು ದಿನವಾದರೂ ಪಾಠ ಶುರುವಾಗಿಲ್ಲವೇ?

ಜೂನ್ ಬಂತೆಂದರೆ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು ದೂರು: ಶಾಲೆ ಶುರುವಾಗಿ ಹತ್ತು ದಿನವಾಯಿತು, ಸಾಲು ನಿಲ್ಲಿಸುವುದು, ಚಪ್ಪಲಿ ಜೋಡಿಸುವುದು, ಪುಸ್ತಕ ಎತ್ತಿಡುವುದು ಬಿಟ್ಟು ಟೀಚರ್ ಏನೂ ಹೇಳಿಕೊಟ್ಟಿಲ್ಲ. ಇನ್ನೊಂದು ಉಪದೇಶ: ಯಾವುದೇ ಅಭ್ಯಾಸವನ್ನು 21 ದಿನ ಮಾಡಿಸಿದರೆ ಜೀವನಪೂರ್ತಿ ಉಳಿಯುತ್ತದೆ, ಇದು ವಿಜ್ಞಾನ. ಮೊದಲನೆಯದು ಅವಸರದ ತೀರ್ಮಾನ. ಎರಡನೆಯದು ವಿಜ್ಞಾನವೇ ಅಲ್ಲ.

ಮೊದಲು ದೂರನ್ನು ನೋಡೋಣ. ನಿಯಮ ಬೇರೆ, ಮಾಡುವ ಕ್ರಮ ಬೇರೆ. ‘ಗಲಾಟೆ ಮಾಡಬಾರದು’ ಎಂಬುದು ನಿಯಮ. ಪೆನ್ಸಿಲ್ ಮುರಿದರೆ ಏನು ಮಾಡಬೇಕು, ಬರೆದು ಮುಗಿಸಿದ ಮೇಲೆ ಪುಸ್ತಕ ಎಲ್ಲಿಡಬೇಕು, ಬಿಸಿಯೂಟಕ್ಕೆ ಕೈ ತೊಳೆಯಲು ಯಾರ ಹಿಂದೆ ಯಾರು ಹೋಗಬೇಕು ಎಂಬುದು ಕ್ರಮ. ಆರು ವರ್ಷದ ಮಗುವಿಗೆ ನಿಯಮ ಒಂದು ಸಲ ಹೇಳಿದರೆ ತಿಳಿಯಬಹುದು. ಕ್ರಮವನ್ನು ಮಾತ್ರ ತೋರಿಸಬೇಕು, ಮಾಡಿಸಬೇಕು, ತಪ್ಪಿದಲ್ಲಿ ಮತ್ತೆ ಮಾಡಿಸಬೇಕು, ಥೇಟ್ ಮಗ್ಗಿಯ ಹಾಗೆ.

ಇದರಲ್ಲಿ ಪೋಷಕರ ಕಣ್ಣಿಗೆ ಬೀಳದ ಒಂದು ಸಂಗತಿಯಿದೆ: ಶೌಚಾಲಯ. ಮೂವತ್ತು ಮಕ್ಕಳ ಎದುರು ಎದ್ದು ನಿಂತು ‘ಮಿಸ್, ಒಂದಕ್ಕೆ’ ಎಂದು ಕೇಳುವುದು ಎಷ್ಟೋ ಮಕ್ಕಳಿಗೆ ಆಗುವುದೇ ಇಲ್ಲ. ಕೇಳಲಾಗದ ಮಗು ನೀರು ಕುಡಿಯುವುದನ್ನೇ ಬಿಡುತ್ತದೆ, ಇಲ್ಲವೇ ಸಂಜೆಯವರೆಗೆ ಕಟ್ಟಿಕೊಂಡು ಕೂರುತ್ತದೆ. ಹೀಗೆ ಕಟ್ಟಿಕೊಳ್ಳುವ ಅಭ್ಯಾಸ ಮಕ್ಕಳಲ್ಲಿ ಮೂತ್ರನಾಳದ ಸೋಂಕಿಗೆ ದಾರಿ ಮಾಡಬಲ್ಲದು. ‘ಕೇಳಬೇಕಿಲ್ಲ, ಬಾಗಿಲ ಬಳಿಯ ಈ ಬಿಲ್ಲೆ ಹಿಡಿದು ಹೋಗಿ, ಬಂದು ಅಲ್ಲೇ ನೇತುಹಾಕಿ’ ಎಂಬ ಒಂದು ಕ್ರಮವನ್ನು ಮೊದಲ ವಾರ ನಾಲ್ಕು ಸಲ ಮಾಡಿಸಿ ತೋರಿಸಿದರೆ ಆ ಮಗುವಿನ ಇಡೀ ವರ್ಷ ಸಲೀಸಾಗುತ್ತದೆ. ಇದನ್ನು ಪಾಠವಲ್ಲ ಎನ್ನುವುದು ಹೇಗೆ?

ಸಂಶೋಧನೆಯೂ ಇದೇ ದಿಕ್ಕಿಗೆ ಬೆರಳು ತೋರಿಸುತ್ತದೆ. ಅಮೆರಿಕದ ಜೇಕಬ್ ಕೌನಿನ್ ತರಗತಿಗಳ ವಿಡಿಯೊಗಳನ್ನು ಕೂಲಂಕಷವಾಗಿ ನೋಡಿ 1970ರಲ್ಲಿ ಪುಸ್ತಕ ಬರೆದರು. ಶಾಂತ ತರಗತಿಯ ಶಿಕ್ಷಕರಿಗೂ ಗದ್ದಲದ ತರಗತಿಯ ಶಿಕ್ಷಕರಿಗೂ ಗದರಿಸುವ ರೀತಿಯಲ್ಲಿ ಅವರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಗದ್ದಲ ಹುಟ್ಟುವ ಮೊದಲೇ ಮಾಡಿಕೊಂಡ ಏರ್ಪಾಡಿನಲ್ಲಿ. ಮುಂದೆ 1980ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಎಮರ್, ಎವರ್ಟ್‌ಸನ್, ಆ್ಯಂಡರ್ಸನ್ ಎಂಬ ಮೂವರು ಮೂರನೇ ತರಗತಿಯ ಶಿಕ್ಷಕರನ್ನು ಶಾಲೆ ತೆರೆದ ಮೊದಲ ವಾರಗಳಿಂದಲೇ ಗಮನಿಸಿದರು. ವರ್ಷವಿಡೀ ತರಗತಿ ಸುಗಮವಾಗಿ ನಡೆಸಿದವರು ಆ ವಾರಗಳಲ್ಲಿ ಕ್ರಮಗಳನ್ನು ವಿವರಿಸಿ, ಮಾಡಿಸಿ, ತಿದ್ದಿದ್ದರು. ಅದೊಂದೇ ಕಾರಣ ಎಂದು ಇಂಥ ಅಧ್ಯಯನದಿಂದ ಹೇಳಲಾಗದು, ನಿಜ. ಆದರೆ ಆ ಸಮಯ ವ್ಯರ್ಥ ಎಂಬ ವಾದಕ್ಕೆ ಇಲ್ಲಿ ಬೆಂಬಲವಿಲ್ಲ.

ದೂರ ಹೋಗುವುದೇ ಬೇಡ, ನಮ್ಮ ನಲಿಕಲಿ ತರಗತಿಯನ್ನೇ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಒಂದೇ ಕೋಣೆಯೊಳಗೆ ಬೇರೆ ಬೇರೆ ತರಗತಿಯ ಮಕ್ಕಳು ಕೂತಿರುತ್ತಾರೆ. ಮಗು ಕಲಿಕಾ ಏಣಿಯಲ್ಲಿ ತಾನೆಲ್ಲಿದ್ದೇನೆಂದು ನೋಡಿ, ಅಲ್ಲಿರುವ ಚಿತ್ರದ ಗುರುತಿನ ಕಾರ್ಡನ್ನು ತಾನೇ ಹುಡುಕಿ, ತನ್ನ ಗುಂಪಿಗೆ ಹೋಗಿ ಕೂರಬೇಕು. ಶಿಕ್ಷಕರ ನೆರವು ಬೇಕಾದವರಿಗೆ ಒಂದು ಗುಂಪು, ಗೆಳೆಯರ ನೆರವಿನಲ್ಲಿ ಕಲಿಯುವವರಿಗೆ ಒಂದು, ಸ್ವಂತವಾಗಿ ಕಲಿಯುವವರಿಗೆ ಇನ್ನೊಂದು. ಈ ಓಡಾಟ ಮಗುವಿಗೆ ಕರಗತವಾಗದಿದ್ದರೆ ಶಿಕ್ಷಕರ ದಿನವೆಲ್ಲ ‘ಅಲ್ಲಿ ಹೋಗು, ಇಲ್ಲಿ ಕೂರು’ ಎನ್ನುವುದರಲ್ಲೇ ಮುಗಿಯುತ್ತದೆ, ‘ಅ’ ಕಲಿಸಲು ಪುರಸೊತ್ತೇ ಇರುವುದಿಲ್ಲ.

ಪುರಸೊತ್ತಿನ ಲೆಕ್ಕವನ್ನೂ ಹಾಕಿಬಿಡೋಣ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ಪುಸ್ತಕ ಹಂಚುವುದು, ಸಾಲು ಕಟ್ಟುವುದು, ಜಾಗ ಬದಲಿಸುವುದರಲ್ಲಿ ದಿನಕ್ಕೆ 10 ನಿಮಿಷ ಪೋಲಾದರೆ ವರ್ಷಕ್ಕೆ 2000 ನಿಮಿಷ. ಅಂದರೆ 40 ನಿಮಿಷದ 50 ಪೀರಿಯಡ್. ಮೊದಲ ಹತ್ತು ದಿನ ದಿನಕ್ಕೊಂದು ಗಂಟೆ ಕ್ರಮ ಕಲಿಸಲು ಕೊಟ್ಟರೂ ಆಗುವುದು 15 ಪೀರಿಯಡ್ ಮಾತ್ರ.

ಇನ್ನು 21 ದಿನದ ಕಥೆ. ಇದರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯಾದವರು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂಬುದು ಅವರ ಗಮನಕ್ಕೆ ಬಂದಿತ್ತು. ಬಾಯಿಂದ ಬಾಯಿಗೆ ಹೋಗುತ್ತಾ ‘ಕನಿಷ್ಠ’ ಉದುರಿಹೋಯಿತು, ಮುಖದ ಜಾಗಕ್ಕೆ ಎಲ್ಲ ಅಭ್ಯಾಸಗಳೂ ಬಂದವು. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭ್ಯಾಸ ತಾನಾಗಿ ನಡೆಯುವ ಹಂತಕ್ಕೆ ಸಾಮಾನ್ಯವಾಗಿ 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾದೀತೆಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ. ಇದು ದೊಡ್ಡವರ ಮೇಲಿನ ಅಧ್ಯಯನ, ಹಾಗಾಗಿ 66 ಎಂಬುದನ್ನೂ ಮಕ್ಕಳಿಗೆ ಮಂತ್ರ ಮಾಡಿ ಫಾರ್ವರ್ಡ್ ಮಾಡಬೇಡಿ.

ಹಾಗೆಂದು ಮೊದಲ ವಾರದಲ್ಲಿ ನಡೆಯುವುದೆಲ್ಲವೂ ಒಳ್ಳೆಯದೇ ಎಂದು ನಾವು ಹೇಳುತ್ತಿಲ್ಲ. ‘ಕೈ ಕಟ್ಟು, ಬಾಯಿ ಮುಚ್ಚು’ ಎಂದು ಕೂರಿಸುವುದು ಕ್ರಮ ಕಲಿಸುವುದಲ್ಲ, ಸುಮ್ಮನಾಗಿಸುವುದು. ಕಲಿಸದೇ ಇದ್ದ ಕ್ರಮ ತಪ್ಪಿತೆಂದು ಬಿಸಿಲಲ್ಲಿ ನಿಲ್ಲಿಸುವುದಂತೂ ಕಾನೂನಿಗೇ ವಿರುದ್ಧ: ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ನಿಮ್ಮ ಮಗುವಿನ ಶಾಲೆಯಲ್ಲಿ ಯಾವುದು ನಡೆಯುತ್ತಿದೆ ಎಂದು ತಿಳಿಯಲು ‘ಇವತ್ತು ಯಾವ ಪಾಠ ಮಾಡಿದರು?’ ಎನ್ನುವ ಬದಲು ‘ಪೆನ್ಸಿಲ್ ಮುರಿದರೆ ಏನ್ ಮಾಡ್ತೀಯ?’ ‘ಒಂದಕ್ಕೆ ಬಂದ್ರೆ?’ ಎಂದು ಕೇಳಿ ನೋಡಿ. ಉತ್ತರ ಥಟ್ಟನೆ ಬಂದರೆ ಟೀಚರ್ ಕೆಲಸ ಮಾಡಿದ್ದಾರೆ. ಮಗು ತಡವರಿಸಿದರೆ, ಗುಂಪಿನಲ್ಲಿ ದೂರು ಹಾಕುವ ಮೊದಲು ಟೀಚರ್ ಬಳಿಯೇ ಹೋಗಿ ಈ ಎರಡು ಪ್ರಶ್ನೆ ಕೇಳಬಹುದು.

ದಸರಾ ರಜೆ ಮುಗಿದು ಮಕ್ಕಳು ಮರಳಿದಾಗ ಒಂದೆರಡು ದಿನ ಮತ್ತೆ ಅದೇ ಸಾಲು, ಅದೇ ಪುಸ್ತಕ ಜೋಡಿಸುವ ಕೆಲಸ ಕಂಡರೆ ಗಾಬರಿ ಬೇಡ. ಅಷ್ಟು ದಿನದ ಬಿಡುವಿನಲ್ಲಿ ಮಗ್ಗಿ ಮರೆತ ಮಕ್ಕಳು ಇದನ್ನೂ ಮರೆತಿರುತ್ತಾರೆ.